ನನ್ನ ಬೆನ್ನಿನ ಮೇಲೊಂದು ವಿಮಾನ

ಈ ಮಾಘ ಮಾಸ ಮುಗಿಯುವುದರೊಳಗೆ ಸೇಡಂ ಕಡೆಯ ನಮ್ಮ ಮುಧೋಳವನ್ನು ಆಕಾಶದಿಂದ ನೋಡಿಯೇ ತೀರುತ್ತೇನೆ! ಹೀಗೆಂದು ನಾನು ನಿಂತ ನಿಲುವಿನಲ್ಲೇ ಪ್ರತಿಜ್ಞೆ ಮಾಡಿದೆ. ನಿಂತೇ ಏಕೆಂದರೆ, ನಿವೃತ್ತನಾದಂದಿನಿಂದ ನನಗೆ ಕುಳಿತಲ್ಲಿ ಕೂರಲಾಗುತ್ತಿಲ್ಲ. ಮೂವತ್ನಾಲ್ಕು ವರ್ಷ ಶಾಲೆಯ ಗಂಟೆಗೆ ಏಳುತ್ತಿದ್ದ ಕಾಲುಗಳು ಈಗ ಗಂಟೆಯಿಲ್ಲದೆಯೂ ಏಳುತ್ತವೆ. ಬೆಳಗಿನಿಂದ ಸಂಜೆಯವರೆಗೆ ಪಡಸಾಲೆ, ಅಂಗಳ, ಮತ್ತೆ ಪಡಸಾಲೆ!

ನನ್ನ ಹೆಂಡತಿ ಲಾಲಮ್ಮ ಮೊರ ಕೆಳಗಿಟ್ಟಳು.

“ಏನ್ರೀ, ಮಾಡದಾಗಿನ ಡಬ್ಬಿ ತಗೀಲಿಕ್ಕ ಸ್ಟೂಲ್ ಹತ್ತಿದ್ರ ಚಕ್ಕರ ಬರ್ತದ ಅಂತೀರಿ. ಆಕಾಶಕ್ಕ ಹೆಂಗ ಹೋಗ್ತೀರಿ?”

“ಆಕಾಶದಾಗ ಸ್ಟೂಲ್ ಇರಂಗಿಲ್ಲ!” ಎಂದೆ ಗಂಭೀರವಾಗಿ.

ಈ ಹುಚ್ಚು ಹತ್ತಿಸಿದವನು ನನ್ನ ಹಳೆಯ ವಿದ್ಯಾರ್ಥಿ ಸಂಘಪಾಲ. ಏಳನೆಯ ತರಗತಿಯಲ್ಲಿ ಅವನು ಬಿಟ್ಟ ಕಾಗದದ ವಿಮಾನವೊಂದು ನೇರವಾಗಿ ನನ್ನ ಮೂಗಿನ ಮೇಲೆ ಬಂದಿಳಿದಿತ್ತು. ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೆ.

“ಇನ್ನ ಎಷ್ಟೊತ್ತು ನಿಂದ್ರಬೇಕ್ರಿ, ಸರ್?”

“ಬುದ್ಧಿ ಬರೋತನಕ!”

ಬುದ್ಧಿ ಬಂತೋ ಇಲ್ಲವೋ, ವಿಮಾನವನ್ನಂತೂ ಅವನು ಬಿಡಲಿಲ್ಲ. ಈಗ ಆದಿತ್ಯನಗರದ ಸಿಮೆಂಟ್ ಕಾರ್ಖಾನೆಯಲ್ಲಿ ಎಂಜಿನಿಯರ್. ರಜೆ ಸಿಕ್ಕರೆ ಪ್ಯಾರಾಮೋಟರ್ ಹಾರಿಸುತ್ತಾನೆ. ಬೆನ್ನಿಗೆ ಜಾಲರಿಯೊಳಗಿನ ದೊಡ್ಡ ಫ್ಯಾನು ಕಟ್ಟಿಕೊಂಡು, ನೆತ್ತಿಯ ಮೇಲೆ ಬಣ್ಣದ ಬಟ್ಟೆಯ ರೆಕ್ಕೆ ಬಿಚ್ಚಿ ಓಡಿದರೆ ಸಾಕು, ಮನುಷ್ಯನೇ ವಿಮಾನ! ನನ್ನ ಕಾಟ ತಾಳಲಾರದೆ ಫ್ಯಾನನ್ನು ಮಾತ್ರ ಮನೆಗೆ ತಂದಿಟ್ಟ.

“ಐತವಾರತನಕ ಇದನ್ನ ಬರೇ ಹೊತ್ಕೊಂಡು ತಿರುಗಾಡ್ರಿ ಸರ್. ಅವತ್ತ ಪರೀಕ್ಷಾ. ನಾ ಇಲ್ಲದಾಗ ಚಾಲೂ ಮಾಡಿದ್ರಿ ಅಂದ್ರ ನಿಮ್ಮ ಹಾರಾಟ ಕ್ಯಾನ್ಸಲ್!”

ಎರಡು ದಿನ ಇಪ್ಪತ್ತೈದು ಕಿಲೋ ಹೊತ್ತು ತಿರುಗಿದೆ. ಮೂರನೆಯ ದಿನ ಬೆರಳು ನನ್ನ ಮಾತು ಕೇಳಲಿಲ್ಲ. ಲಾಲಮ್ಮ ಒಳಗೆ ಹೋದದ್ದೇ ತಡ, ಗೋಡೆಯ ಕಡೆ ತಿರುಗಿ ನಿಂತು, ‘ಒಂದೇ ಕ್ಷಣ!’ ಎಂದುಕೊಂಡು ಗುಂಡಿ ಒತ್ತಿದೆ.

ಭರ್ರ್!

ಆಹಾ, ಏನು ಗರ್ಜನೆ! ಕಣ್ಣು ಮುಚ್ಚಿದೆ. ಕಾಗಿಣಾ ನದಿ ದಾಟಿದೆ, ಸನ್ನತಿಯ ಭೀಮೆಯ ಮೇಲೆ ಎರಡು ಸುತ್ತು ಹೊಡೆದೆ! ಆದರೆ ಆ ಫ್ಯಾನು ಗಾಳಿ ಬಿಡುವುದು ಹಿಂದಕ್ಕೆ. ಹಿಂದೆ, ಅಂಗಳಕ್ಕೆ ಹಾಸಿದ್ದ ತಾಡಪತ್ರಿಯ ಮೇಲೆ, ವರ್ಷಕ್ಕಾಗುವಷ್ಟು ತೊಗರಿ ಬೇಳೆ ಹೊಟ್ಟಿನ ಸಮೇತ ಬಿದ್ದಿತ್ತು. ನಾಲ್ಕು ದಿನದಿಂದ ಎಲೆ ಅಲುಗುವಷ್ಟೂ ಗಾಳಿಯಿಲ್ಲದೆ ಲಾಲಮ್ಮ ತೂರಲಾಗದೆ ಕಾದಿದ್ದಳು. ಹೊಟ್ಟು ಮೋಡವಾಗಿ ಎದ್ದಿತು. ಮೊರ ಬೇವಿನ ಮರ ಹತ್ತಿತು!

“ಮಾಸ್ತರ! ನನ್ನ ಗ್ವಾಡಿ ಕರಡಿ ಆಗ್ಯಾದ, ಬಂದು ನೋಡ್ರಿ!”

ಪಕ್ಕದ ಮನೆಯ ದೇವಿಂದ್ರಪ್ಪ. ಆಗಷ್ಟೇ ಸುಣ್ಣ ಹಚ್ಚಿದ ಅವನ ಹಸಿಗೋಡೆಗೆ ನಮ್ಮ ಹೊಟ್ಟೆಲ್ಲ ಮೆತ್ತಿಕೊಂಡಿತ್ತು! ಅಷ್ಟರಲ್ಲಿ ಲಾಲಮ್ಮನೂ ಹೊರಗೆ ಓಡಿಬಂದಳು. ಮುಗಿಯಿತು ನನ್ನ ಕಥೆ ಎಂದುಕೊಂಡು ಗುಂಡಿಗೆ ಕೈ ಹಾಕಿದೆ.

“ಬಂದ್ ಮಾಡಬ್ಯಾಡ್ರಿ!” ಎಂದು ಚೀರಿದಳು. ತಾಡಪತ್ರಿಯ ಮೇಲೆ ಹೊಟ್ಟಿನ ಸುಳಿವಿಲ್ಲದ ಬಂಗಾರದಂಥ ಬೇಳೆ! “ನಾಕ ದಿನದಿಂದ ಗಾಳಿ ಗಾಳಿ ಅಂತ ಬಾಯಿ ಬಿಡ್ಲಿಕತ್ತೀನಿ. ಮನ್ಯಾಗೇ ಇತ್ತಲ್ರೀ!”

ಜಗಳಕ್ಕೆಂದು ಬಂದಿದ್ದ ದೇವಿಂದ್ರಪ್ಪ ಬಗ್ಗಿ ಒಂದು ಹಿಡಿ ಬೇಳೆ ಎತ್ತಿ ಊದಿ ನೋಡಿದ. ಹಾರಲು ಏನೂ ಉಳಿದಿರಲಿಲ್ಲ.

“ಮಾಸ್ತರ, ನಮ್ಮವೂ ಎರಡು ಚೀಲ ಅದಾವ. ಗ್ವಾಡಿ ಮಾತು ಆಮ್ಯಾಲ ನೋಡಮು.”

ಮರುದಿನ ಬಾಗಿಲ ಮುಂದೆ ಸಾಲು! ಲಾಲಮ್ಮ ನನ್ನ ಹಳೆಯ ಹಾಜರಿ ಪುಸ್ತಕ ತೆಗೆದು, ಮೂಗಿಗೆ ನನ್ನದೇ ಕನ್ನಡಕ ಏರಿಸಿ ಕುಳಿತಳು.

“ನಂಬರ್ ಏಳು, ಮರೆಮ್ಮ!”

“ಹಾಜರ್ ಅಕ್ಕೋರೆ!”

“ಲೇ, ಸಂಘಪಾಲಗ ಗೊತ್ತಾದ್ರ ನನ್ನ ಹಾರಾಟ ಕ್ಯಾನ್ಸಲ್!” ಎಂದು ಗೋಗರೆದೆ.

“ಯಾರು ಹೇಳ್ತಾರ್ರೀ? ಎಲ್ಲಾರ ಬಾಯಾಗೂ ಹೊಟ್ಟೇ ತುಂಬ್ಯಾದ. ಆ ಕಡೆ ಮುಖ ಮಾಡ್ರಿ!”

ಆ ಕಡೆ ಎಂದರೆ ಗೋಡೆ. ನಾಲ್ಕು ದಿನ ಅದೇ ಗೋಡೆ! ಅದರ ಬಿರುಕುಗಳಲ್ಲಿ ಸೇಡಂ, ಚಿತ್ತಾಪುರ, ಚಿಂಚೋಳಿಗಳ ನಕ್ಷೆಯೇ ನನಗೆ ಕಾಣತೊಡಗಿತು. ಮೇಲಿನಿಂದ ನೋಡಬೇಕೆಂದಿದ್ದ ಊರುಗಳನ್ನೆಲ್ಲ ಎದುರಿನಿಂದಲೇ ನೋಡಿದೆ.

ಭಾನುವಾರ ಸಂಘಪಾಲ ಬರುವುದು ಹತ್ತು ಗಂಟೆಗೆ. ಎಂಟಕ್ಕೇ ಯಂತ್ರ ಒರೆಸಿಡಬೇಕೆಂದಿದ್ದೆ. “ಇದೊಂದೇ ಚೀಲ” ಎಂದಳು ಲಾಲಮ್ಮ. ಆಮೇಲೆ ಇನ್ನೊಂದು ‘ಇದೊಂದೇ’ ಬಂತು. ಸೊಂಟ ಸೋತಿತು. ಭರ್ರೆನ್ನುವ ಸದ್ದಿನಲ್ಲಿ ಗೋಡೆಗೇ ಕೂಗಿದೆ:

“ಲೇ, ಇನ್ನ ಎಷ್ಟೊತ್ತು ನಿಂದ್ರಬೇಕು?”

ಅದೇ ಕ್ಷಣಕ್ಕೆ ಪೆಟ್ರೋಲ್ ತೀರಿ ಫ್ಯಾನು ನಿಂತಿತು. ಒಂದು ಗಂಟೆ ಮೊದಲೇ ಬಂದಿದ್ದ ಧ್ವನಿಯೊಂದು ಬೆನ್ನ ಹಿಂದಿನಿಂದ ಬಲು ವಿನಯವಾಗಿ ಉತ್ತರ ಕೊಟ್ಟಿತು:

“ಬುದ್ಧಿ ಬರೋತನಕ ನಿಂದರ್ರಿ, ಸರ್!”