ಆಪತ್ತಿನ ಮಂದಿ

ಆಪತ್ತು ಹೇಳಿಕೇಳಿ ಬರುವುದಿಲ್ಲ ಎನ್ನುತ್ತಾರೆ. ನಗೆಪಾಟಲೂ ಹಾಗೆಯೇ. ನಮ್ಮ ಪಾಲಿಗಂತೂ ಇವೆರಡೂ ಯಾವಾಗಲೂ ಒಂದೇ ಬಸ್ಸಿಗೆ ಬಂದು ಇಳಿಯುತ್ತಿದ್ದವು.

ಎಪ್ಪತ್ತರ ದಶಕದ ಮಾತು. ನಾನಾಗ ಬೈಲಹೊಂಗಲದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿದವನು, ಮೇಲಾಗಿ ಮಾತು ಜಾಸ್ತಿ. ಈ ಎರಡು ಅರ್ಹತೆ ನೋಡಿ ನನ್ನನ್ನು ಸ್ವಯಂಸೇವಕರ ದಳಕ್ಕೆ ಮುಖ್ಯಸ್ಥನನ್ನಾಗಿ ಮಾಡಿದರು. ಬೆಂಕಿ, ನೆರೆ, ಅಪಘಾತ, ಏನೇ ಆದರೂ ಓಡಿಹೋಗಬೇಕಾದ ಹದಿನೆಂಟು ಜನ. ಪಗಾರ ಇಲ್ಲ. ದಳದ ಉಸ್ತುವಾರಿಯಿದ್ದ ಜಿಲ್ಲಾ ಕಚೇರಿಯ ಸಾಹೇಬರು ಕೊಡಿಸಿದ್ದು ತಲೆಗೊಂದು ಖಾಕಿ ಟೊಪ್ಪಿಗೆ, ಒಂದಿಷ್ಟು ಹಗ್ಗ, ಹನ್ನೆರಡು ಬಕೆಟ್ಟು, ಒಂದು ಸ್ಟ್ರೆಚರು. ಕೊಡುವಾಗಲೇ ಹೇಳಿಬಿಟ್ಟರು: "ಮಾಸ್ತರ, ಮುಂದಿನ ಮಳಿಗಾಲ ಮುಗಿಯೂತನಕ ನೋಡತೇನಿ. ಒಂದಾದ್ರೂ ಕೆಲಸ ನೆಟ್ಟಗ ಆಗಬೇಕು. ಇಲ್ಲಂದ್ರ ದಳ ಬರಖಾಸ್ತ, ಟೊಪ್ಪಿಗಿ ವಾಪಸ್."

ಇದನ್ನು ಕೇಳಿ ನಮ್ಮ ದಳದ ಸಿಂಪಿಗನ ಮುಖ ಸಣ್ಣದಾಯಿತು. ಹದಿನೆಂಟೂ ಟೊಪ್ಪಿಗೆಗಳನ್ನು ತಲೆತಲೆಗೆ ಅಳತೆ ಹಿಡಿದು ಬಿಚ್ಚಿ ಮತ್ತೆ ಹೊಲಿದವನು ಅವನೇ. ಆ ಟೊಪ್ಪಿಗೆ ಹಾಕಿಕೊಂಡು ಪೇಟೆಯಲ್ಲಿ ಹೊರಟರೆ ನಮ್ಮ ಎದೆ ಎರಡು ಬೊಟ್ಟು ಅಗಲವಾಗುತ್ತಿತ್ತು. ಊರವರು ನಮಗಿಟ್ಟ ಹೆಸರು 'ಆಪತ್ತಿನ ಮಂದಿ'. ಅವರು ಚೇಷ್ಟೆಗೆ ಇಟ್ಟರು, ನಾವು ಬಿರುದು ಎಂದುಕೊಂಡೆವು.

೧. ಭೋಂಗಾ

ಮೊದಲ ಕವಾಯತು ಬೈಲಹೊಂಗಲದಲ್ಲೇ. ಬೆಂಕಿ ಬಿದ್ದರೆ ಊರು ಹೇಗೆ ಕೂಡಬೇಕು ಎಂಬುದರ ತಾಲೀಮು. ಎಲ್ಲರಿಗೂ ಕೇಳುವಂಥ ಸದ್ದು ಬೇಕಲ್ಲ, ಹತ್ತಿ ಜಿನ್ನಿಂಗ್ ಗಿರಣಿಯ ಮಾಲೀಕರನ್ನು ಕೇಳಿದೆ. ಅವರು ಸಂತೋಷದಿಂದ ತಮ್ಮ ಭೋಂಗಾ ಊದಿಸಲು ಒಪ್ಪಿದರು. ಆ ಭೋಂಗಾ ಬಾರಿಸಿದರೆ ನಾಲ್ಕು ಹಳ್ಳಿಯ ಎತ್ತುಗಳು ಕಿವಿ ನಿಮಿರಿಸುತ್ತಿದ್ದವು. ಹಿಂದಿನ ದಿನ ಡಂಗುರವನ್ನೂ ಸಾರಿಸಿದೆವು. ಆದರೆ ಅಂದು ಸಂತೆ, ಡಂಗುರದವನ ಮಾತು ಅವನಿಗೇ ಕೇಳಿದ್ದರೆ ಹೆಚ್ಚು.

ಬೆಳಿಗ್ಗೆ ಹತ್ತೂವರೆಗೆ ಭೋಂಗಾ ಆಯಿತು. ಚೌಕಿನಲ್ಲಿ ಸಾಹೇಬರು ಗಡಿಯಾರ ಹಿಡಿದು ನಿಂತಿದ್ದರು. ಕೊಡ ಹಿಡಿದ ಜನ ಓಡಿ ಬರಬೇಕಿತ್ತು. ಒಬ್ಬರೂ ಇಲ್ಲ. ಆಮೇಲೆ ತಿಳಿಯಿತು, ದಿನಾ ಊಟದ ಹೊತ್ತಿಗೆ ಊದುವ ಭೋಂಗಾ ಕೇಳಿ ಊರಿಗೆ ಊರೇ ಹನ್ನೆರಡಾಯಿತು ಎಂದುಕೊಂಡಿತ್ತು. ಹೆಂಗಸರು ಹಂಚಿನ ಮೇಲೆ ರೊಟ್ಟಿ ಹಾಕಿದರು, ಅಂಗಡಿಯವರು ಅರ್ಧ ಬಾಗಿಲು ಎಳೆದು ಊಟಕ್ಕೆ ಹೋದರು, ನನ್ನದೇ ಸಾಲೆಯ ಸಿಪಾಯಿ ಗಂಟೆ ಬಾರಿಸಿ ಹುಡುಗರನ್ನು ಮನೆಗೆ ಬಿಟ್ಟ.

ಅರ್ಧ ತಾಸಿನ ಮೇಲೆ ಒಬ್ಬ ಅಜ್ಜ ಕೋಲೂರುತ್ತ ಬಂದ. ಒಬ್ಬನಾದರೂ ಬಂದನಲ್ಲ ಎಂದು ನನ್ನ ಜೀವ ಹಗುರಾಯಿತು. ಆತ ಸಾಹೇಬರ ಕೈಯ ಗಡಿಯಾರದೊಳಗೆ ಬಗ್ಗಿ ನೋಡಿ, ತಗ್ಗಿದ ದನಿಯಲ್ಲಿ, "ಸಾಹೇಬ್ರ, ನಿಮ್ಮದು ಒಂದೂವರೆ ತಾಸ ಹಿಂದ ಐತಿ, ತಿದ್ದಿಕೊಳ್ರಿ" ಎಂದು ಹೇಳಿ ಹೋದ.

೨. ಕಿತ್ತೂರಿನ ಗಾಯಾಳು

ಎರಡನೆಯದು ಕಿತ್ತೂರಿನಲ್ಲಿ. ಗಾಯಾಳುವನ್ನು ಸ್ಟ್ರೆಚರಿನ ಮೇಲೆ ಪೇಟೆ ದಾಟಿಸಿ ದವಾಖಾನೆಗೆ ಒಯ್ಯುವ ತಾಲೀಮು. ಗಾಯಾಳು ಯಾರು? ಒಬ್ಬರೂ ಮಲಗಲು ತಯಾರಿಲ್ಲ. ನಾಲ್ಕು ಮಂದಿ ಹೆಗಲ ಮೇಲೆ ಮಲಗಿಸಿ ಒಯ್ಯುವುದು ಎಂಥ ಅಪಶಕುನ ಎಂದು ಸಿಂಪಿಗ ಹಿಂದೆ ಸರಿದ, ಉಳಿದವರು ಅವನ ಹಿಂದೆ ಸರಿದರು.

ದಳದಲ್ಲಿ ಟ್ರ್ಯಾಕ್ಟರಿದ್ದ ಗೌಡರೊಬ್ಬರಿದ್ದರು. ಲಿಂಗವಂತರು, ತೂಕದ ಆಳು. "ನಮ್ಮೊಳಗ ಸತ್ತವರನ್ನ ಕುಂದರಿಸಿ ಒಯ್ತಾರಪಾ, ಮಲಗಿಸಿ ಅಲ್ಲ. ಮಲಗಿದ್ರ ನನಗೇನೂ ದೋಷ ಇಲ್ಲ" ಎಂದು ತಾವೇ ಮಲಗಿದರು. ಈ ತರ್ಕಕ್ಕೆ ನನ್ನ ವಿಜ್ಞಾನವೂ ತಲೆದೂಗಿತು.

ಕೋಟೆಯ ಮುಂದಿನಿಂದ ಹೊರಟೆವು. ಕಾಲಿಗೆ ಪಟ್ಟಿ, ತಲೆಗೆ ಪಟಗ, ಹೆಗಲ ಮೇಲೆ ಗೌಡರು. ಅರ್ಧ ದಾರಿಗೆ ಬಿಸಿಲು ನೇರ ಕಣ್ಣಿಗೆ ಹೊಡೆಯಿತು. ಗೌಡರು ತಾವು ಗಾಯಾಳು ಎಂಬುದನ್ನೇ ಮರೆತು ಎದ್ದು ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟರು. ಕೆಳಗೆ ಹೊತ್ತವರಿಗೆ ಅದು ಕಾಣುವುದೆಲ್ಲಿ? ಪೇಟೆಗೆ ಕಂಡಿತು. ಅಂಗಡಿಯವರು ಒಬ್ಬೊಬ್ಬರಾಗಿ ಎದ್ದು, ಕಾಲಿನ ಕಾಲಮರಿ ಕಳಚಿಟ್ಟು, ಕೈ ಮುಗಿದು ನಿಂತರು. ಗೌಡರು ಹುಟ್ಟಾ ಮರ್ಯಾದಸ್ಥರು. ಅಷ್ಟು ಮಂದಿ ಕೈ ಮುಗಿದರೆ ಸುಮ್ಮನಿರಲಾದೀತೆ? ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ತಾವೂ ನಮಸ್ಕಾರ ಮಾಡಿದರು.

ದನದ ವ್ಯಾಪಾರಿಯೊಬ್ಬ ನಿಂತಲ್ಲೇ ಕಣ್ಣು ಮೇಲೆ ಮಾಡಿ ಬಿದ್ದ. ಗೌಡರನ್ನು ಇಳಿಸಿ ಅವನನ್ನು ಮಲಗಿಸಿದೆವು. ನಾಲ್ಕನೆಯ ಹೆಗಲು ಗೌಡರದೇ. ಐದು ನಿಮಿಷದಲ್ಲಿ ದವಾಖಾನೆ ಮುಟ್ಟಿಸಿದೆವು. ಆತ ಎಚ್ಚರಾಗಿ ಕಣ್ಣು ಬಿಟ್ಟಾಗ ಮೊದಲು ಕಂಡದ್ದು ಗೌಡರ ಮುಖ. ಮತ್ತೆ ಬಿದ್ದ.

೩. ಹೂಲಿಯ ಬಣವಿ

ಸಾಹೇಬರಿಗೆ ಇದೆಲ್ಲ ವರದಿ ಹೋಗುತ್ತಿತ್ತು. ಇಷ್ಟರಲ್ಲೇ ಟೊಪ್ಪಿಗೆ ಗಂಟು ಕಟ್ಟಬೇಕಾದೀತು ಎಂದು ನಾವು ಅಂಜಿಕೊಂಡಿದ್ದಾಗ ನಿಜವಾದ ಬೆಂಕಿ ಸಿಕ್ಕಿತು. ಸವದತ್ತಿಯಲ್ಲಿ ತಾಲೀಮು ನಡೆದಿತ್ತು. ಹೂಲಿಯಲ್ಲಿ ಬಣವಿಗೆ ಬೆಂಕಿ ಹತ್ತಿದೆ ಎಂದು ಸೈಕಲ್ಲಿನವನೊಬ್ಬ ಹೇಳಿದ. ಗೌಡರ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಬಕೆಟ್ಟು ಗಲಗಲ ಎನ್ನಿಸುತ್ತ ಓಡಿದೆವು.

ಹೋಗಿ ನೋಡಿದರೆ ಬೆಂಕಿ ಆರಿತ್ತು. ಹೊಂಡದಿಂದ ಬಣವಿಯವರೆಗೆ ಹೆಂಗಸರು ಸಾಲಾಗಿ ನಿಂತು, ಕೊಡದಿಂದ ಕೊಡಕ್ಕೆ ನೀರು ದಾಟಿಸಿ, ಆರಿಸಿ, ಸೆರಗು ಹಿಂಡಿಕೊಳ್ಳುತ್ತಿದ್ದರು. ಇದೇ ವಿದ್ಯೆಯನ್ನು ನಾನು ಮೂರು ತಿಂಗಳಿಂದ ಕರಿಹಲಗೆಯ ಮೇಲೆ ಚಿತ್ರ ಬರೆದು ಕಲಿಸುತ್ತಿದ್ದೆ, ಅವರಿಗೆ ಅವರ ಅಜ್ಜಿಯರೇ ಕಲಿಸಿದ್ದರು.

ಊರ ಹಿರಿಯರಿಗೆ ಬಹಳ ಸಂಕೋಚವಾಯಿತು. ಚಹಾ ಕುಡಿಸಿದರು, ಚುರಮರಿ ತಿನ್ನಿಸಿದರು, ಆದರೂ ಅವರ ಮನಸ್ಸಿಗೆ ಸಮಾಧಾನವಿಲ್ಲ. ಕೊನೆಗೆ ಒಬ್ಬರು ನನ್ನನ್ನು ಬದಿಗೆ ಕರೆದು ಹೇಳಿದರು: "ಅಷ್ಟು ದೂರದಿಂದ ಬಂದೀರಿ, ಹಂಗ ಹೋಗಬಾರದ್ರಿ. ಹಳೇ ಜ್ವಾಳದ ಕಣಿಕಿ ಒಂದ್ ನಾಕ ಸೂಡ ಅದಾವ, ಹಚ್ಚಿ ಕೊಡ್ಲ್ಯಾ?"

೪. ಒಲಿ ಹಚ್ಚಬ್ಯಾಡ್ರಿ

ಮಳೆಗಾಲ ಮುಗಿಯುತ್ತ ಬಂತು. ನಮ್ಮ ಹೆಸರಿನ ಮುಂದೆ ಇನ್ನೂ ಒಂದೂ ಕೆಲಸ ಜಮಾ ಆಗಿರಲಿಲ್ಲ. ಆಗ ಬಂತು ಸುದ್ದಿ: ನವಿಲುತೀರ್ಥದ ಅಣೆಕಟ್ಟು ತುಂಬಿದೆ, ಗೇಟು ತೆಗೆಯುತ್ತಾರೆ, ರಾಮದುರ್ಗದ ಕಡೆಯ ಹೊಳೆದಂಡೆಯ ಊರೊಂದನ್ನು ಮಧ್ಯಾಹ್ನದೊಳಗೆ ಖಾಲಿ ಮಾಡಿಸಬೇಕು.

ಬೆಳಗಾಗುವುದರೊಳಗೆ ಊರು ಮುಟ್ಟಿದೆವು. ದಿನ್ನೆಯ ಮೇಲಿನ ಸಾಲೆಯನ್ನು ತೆರೆಸಿ, ಮನೆಮನೆಗೆ ಹೋಗಿ ಕೈ ಮುಗಿದು ಕೇಳಿದೆವು. ಒಬ್ಬರೂ ಏಳಲಿಲ್ಲ. ಹೊಳಿ ನಮಗ ತಾಯಿ ಇದ್ದಂಗ, ಬರತಾಳ ಹೋಗತಾಳ ಎಂದರು. ಒಳಗಿನ ಕಾರಣ ಬೇರೆ. ಮೇಲಿನ ಓಣಿಗೂ ಕೆಳಗಿನ ಓಣಿಗೂ ಹಳೆಯ ಜಿದ್ದು. ಯಾವ ಓಣಿ ಮೊದಲು ಎದ್ದಿತೋ ಅದಕ್ಕೆ 'ಅಂಜಿ ಓಡಿದವರು' ಎಂಬ ಹೆಸರು ಮೊಮ್ಮಕ್ಕಳವರೆಗೂ ಉಳಿಯುತ್ತದೆ. ನಾನು ನೀರಿನ ಒತ್ತಡದ ಮೇಲೆ ಉಪನ್ಯಾಸ ಕೊಟ್ಟೆ. ಹೊಳಿಗಿಂತ ಮಾಸ್ತರನ ಮಾತ ಹರಿಯೂದ ಜಾಸ್ತಿ ಐತಿ ಎಂದು ಯಾರೋ ಅಂದರು.

ಹತ್ತು ಗಂಟೆಯಾಯಿತು. ಹೊಳೆಯ ಬಣ್ಣ ಕೆಂಪಾಗಿತ್ತು. ಕೂಸುಗಳು ಅಂಗಳದಲ್ಲಿ ಆಡುತ್ತಿದ್ದವು. ಟೊಪ್ಪಿಗೆಯ ಚಿಂತೆ ಆಗ ಯಾರಿಗೂ ಇರಲಿಲ್ಲ.

ಆಗ ಸಿಂಪಿಗ ಟೊಪ್ಪಿಗೆ ತೆಗೆದು ಕಿಸೆಯಲ್ಲಿಟ್ಟ. "ಮಾಸ್ತರ, ಅಂಜಿಸಿದ್ರ ಬರೂದಿಲ್ಲ ಇವರು. ಊಟಕ್ಕ ಕರೀರಿ."

ನಮ್ಮ ಕಡೆ ಹೊಳೆಗೆ ಬೆನ್ನು ಕೊಟ್ಟಾರು, ಕರೆದ ಊಟಕ್ಕೆ ಬೆನ್ನು ಕೊಡುವವರಿಲ್ಲ. ಮತ್ತೆ ಮನೆಮನೆಗೆ ಹೋದೆವು. ಈ ಸಲ ಎರಡೂ ಓಣಿಗೆ ಒಂದೇ ಹೊತ್ತಿಗೆ. ದಳದ ವತಿಯಿಂದ ಸಾಲೆಯಲ್ಲಿ ಹೋಳಿಗೆ ಊಟ, ಮನಿಮಂದಿ ಎಲ್ಲಾ ಬರಬೇಕು, ಒಲಿ ಹಚ್ಚಬ್ಯಾಡ್ರಿ. ಒಲೆ ಹಚ್ಚಬೇಡಿ ಎಂದು ಕರೆದ ಮೇಲೆ ಮುಗಿಯಿತು, ಮನೆಯಲ್ಲಿ ಒಬ್ಬರು ಉಳಿದರೂ ಕರೆದವರಿಗೆ ಅವಮಾನ. ದನಗಳನ್ನೂ ಕರೆತನ್ನಿ ಎಂದಾಗ ಮಾತ್ರ ಒಬ್ಬಾತ ಸಂಶಯದಿಂದ ದನಾ ಯಾಕ್ರಿ ಎಂದ. ಗೌಡರು ಕಣ್ಣು ಮಿಟುಕಿಸದೆ ಹೇಳಿದರು: "ಅವಕ್ಕ ಬ್ಯಾರೆ ಪಂಕ್ತಿ ಐತಿ."

ಅರ್ಧ ತಾಸಿನಲ್ಲಿ ಊರು ಖಾಲಿ. ಇಳಕಲ್ಲ ಸೀರೆ, ಮಡಚಿಟ್ಟ ಧೋತರ, ತಲೆಗೆ ಎಣ್ಣೆ ಹಚ್ಚಿದ ಮಕ್ಕಳು, ಕೈಯಲ್ಲಿ ತಾಟು. ನಡೆಯಲಾಗದವರು ಬಂಡಿಯಲ್ಲಿ. ಎಲ್ಲರಿಗಿಂತ ಹಿರಿಯಳಾದ ಅಜ್ಜಿಯೊಬ್ಬಳು ತನ್ನ ಊಟದ ಗಂಗಾಳವನ್ನು ತಾನೇ ಬಗಲಲ್ಲಿ ಹಿಡಿದು ಬಂದಳು.

ಎಲ್ಲರನ್ನೂ ಪಂಕ್ತಿಯಲ್ಲಿ ಕೂರಿಸಿದೆವು. ಒಂದೇ ಒಂದು ಕೊರತೆ, ಅಡಿಗೆ ಮಾಡಿರಲಿಲ್ಲ. ಜೋಳದ ಹಿಟ್ಟು ಹುಡುಕಲು ಗೌಡರು ಟ್ರ್ಯಾಕ್ಟರು ತೆಗೆದುಕೊಂಡು ಪಕ್ಕದ ಊರಿಗೆ ಹೋಗಿದ್ದರು.

ಸುಮಾರು ಎರಡು ಗಂಟೆಗೆ ಹೊಳೆ ಬಂತು. ಸಾಲೆಯ ಕಟ್ಟೆಯಿಂದ ಎಲ್ಲ ಕಾಣುತ್ತಿತ್ತು. ಕೆಳಗಿನ ಓಣಿ ಮುಳುಗಿತು, ಮೇಲಿನ ಓಣಿಯ ಕಟ್ಟೆಗಳಿಗೆ ನೀರು ಹತ್ತಿತು, ಮಣ್ಣಿನ ಗೋಡೆಯೊಂದು ಸದ್ದಿಲ್ಲದೆ ಕುಳಿತಂತೆ ಕುಸಿಯಿತು. ಊರಿಗೆ ಊರೇ ಕಟ್ಟೆಯ ಮೇಲೆ ನಿಂತು ನೋಡಿತು. ಆಮೇಲೆ ಎಲ್ಲರೂ ಬಂದು ತಮ್ಮ ತಮ್ಮ ತಾಟಿನ ಮುಂದೆ ಕುಳಿತರು. ಯಾವ ಓಣಿಯವರು, ಯಾವ ಕೇರಿಯವರು, ಯಾರ ಮಗ್ಗುಲಿಗೆ ಯಾರು ಕುಳಿತರು ಎಂದು ಅಂದು ಯಾರೂ ನೋಡಲಿಲ್ಲ. ಎಲ್ಲರ ಕಣ್ಣೂ ಬಾಗಿಲ ಕಡೆಗೆ, ಊಟ ಯಾವಾಗ ಬಂದೀತೆಂದು.

ಬಾಗಿಲಲ್ಲಿ ಬಂದವರು ಸಾಹೇಬರು. ಜೀಪು ಅರ್ಧಕ್ಕೆ ಬಿಟ್ಟು ಕೆಸರಲ್ಲಿ ನಡೆದು ಬಂದಿದ್ದರು, ಮುಖ ಬಿಳಿಚಿತ್ತು. ಮುಳುಗಿದ ಓಣಿಗಳನ್ನು ನೋಡಿ ಎದೆ ಒಡೆದುಕೊಂಡೇ ಬಂದಿದ್ದರಂತೆ. ಒಳಗೆ ನೋಡಿದರೆ ಇಡೀ ಊರು ಹಬ್ಬದ ಬಟ್ಟೆಯಲ್ಲಿ ಸಾಲು ಹಿಡಿದು ಕುಳಿತಿದೆ. ಎರಡು ಸಲ ಎಣಿಸಿದರು. ಒಂದು ಜೀವ ಕಡಿಮೆಯಿಲ್ಲ. ಅವರ ಕಣ್ಣು ತೇವವಾದದ್ದನ್ನು ನಾನು ನೋಡಿದೆ. ಮಳೆಯ ನೀರು ಎಂದು ಅವರು ಇವತ್ತಿಗೂ ಹೇಳುತ್ತಾರೆ.

ಅಜ್ಜಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಅಂಜಿಕಿ ಆತೇನವಾ ಎಂದು ಕೇಳಿದರು.

ಅಜ್ಜಿ ಖಾಲಿ ಗಂಗಾಳವನ್ನು ಅವರ ಮುಂದೆ ತಳ್ಳಿದಳು. "ಹೊಳಿ ಬಂದಿದ್ದು ನಾ ಭಾಳ ಸಲ ನೋಡೇನಿ ಯಪ್ಪಾ. ಊಟಕ್ಕ ಕರದು ಊಟಾ ಹಾಕದ ಮಂದೀನ ಇವತ್ತ ನೋಡಿದ್ದು."

ನಾಲ್ಕು ಗಂಟೆಗೆ ಹಿಟ್ಟು ಬಂತು. ಎರಡೂ ಓಣಿಯ ಹೆಂಗಸರು ನಮ್ಮನ್ನು ಬೈಯುತ್ತಲೇ ರೊಟ್ಟಿ ಬಡಿದರು. ಜುಣಕ, ರೊಟ್ಟಿ. ಹೋಳಿಗೆಯ ಮಾತನ್ನು ಸಾಹೇಬರೆದುರು ಮೂವರು ಎತ್ತಿದರು.

ಟೊಪ್ಪಿಗೆಗಳನ್ನು ಯಾರೂ ವಾಪಸ್ ಕೇಳಲಿಲ್ಲ. ಮುಂದಿನ ತಿಂಗಳು ಕಚೇರಿಯಿಂದ ಒಂದು ಲಾರಿ ಬಂತು. ಯಾದಿಯಲ್ಲಿ ಹಗ್ಗ, ಟಾರ್ಚು, ಕೊನೆಗೆ ಎರಡು ದೊಡ್ಡ ಅಡಿಗೆ ಹಂಡೆ. ಹಂಡೆಯ ಮುಂದೆ ಸಾಹೇಬರು ಸ್ವಂತ ಕೈಯಿಂದ ಷರಾ ಬರೆದಿದ್ದರು: 'ಇನ್ನು ಮುಂದೆ ಮೊದಲು ಅಡಿಗೆ, ಆಮೇಲೆ ಆಮಂತ್ರಣ.'