ಗಿಣ್ಣಿನ ವಾಸನೆಯ ನಕ್ಷತ್ರಗಳು

ಆ ಸಂಜೆ ಎಂಟು ಗಂಟೆ ಹತ್ತು ನಿಮಿಷದವರೆಗೆ ನಮ್ಮ ಚಿಕ್ಕಪ್ಪನಿಗೆ ಭೂಮಿಯ ಮೇಲಿದ್ದದ್ದು ಒಂದೇ ಶತ್ರು: ಬೀದಿದೀಪ. ಎಂಟು ಹತ್ತಕ್ಕೆ ಭೂಮಿಯೂ ಆ ಪಕ್ಷ ಸೇರಿತು.

ಬೂದಿಕೋಟೆಯ ಹತ್ತಿರ ಮೂರು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ಮನುಷ್ಯ. ದೀಪ ಹಾಕಿಸಿ ಎಂದು ಪಂಚಾಯಿತಿಗೆ ಅರ್ಜಿ ಕೊಟ್ಟವರನ್ನು ನೀವು ಕಂಡಿದ್ದೀರಿ. ತೆಗೆಸಿ ಎಂದು ಕೊಟ್ಟವರನ್ನು? ದೀಪ ಹೋಗಲಿಲ್ಲ, ಚಿಕ್ಕಪ್ಪನೇ ಹೋದ. ಹಳೆಯ ದೂರದರ್ಶಕ, ಕೂರಲು ಖಾಲಿ ಹಾಲಿನ ಕ್ಯಾನು, ಸದಾ ಹೆಗಲ ಮೇಲಿರುವ ಹಸುವಿನ ಹಗ್ಗ, ಜೊತೆಗೆ ನಾನು. ಎಲ್ಲವನ್ನೂ ಆಟೋಗೆ ತುಂಬಿ ಕೆಜಿಎಫ್‌ನ ಸೈನೈಡ್ ದಿಬ್ಬಕ್ಕೆ ತಂದ. ಗಣಿ ಉಗುಳಿದ ಬೂದು ಮರಳಿನ ಗುಡ್ಡ ಅದು. ಅವನ ಮನೆಯಲ್ಲಿದ್ದುಕೊಂಡು ಬಂಗಾರಪೇಟೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು ನಾನು. ಪಾಠ ಮಾತ್ರ ಅವನದು!

ಮೃಗಶಿರದ ಪಕ್ಕಕ್ಕೆ ಕೊಳವೆ ತಿರುಗಿಸಿದ. ಮೊಬೈಲು ತೆಗೆಯುವಂತಿಲ್ಲ.

"ಏನ್ ಕಾಣ್ತದೆ?"

"ಆರು ಚುಕ್ಕಿ."

"ಸುತ್ತ ಹಬೆ?"

"ಇಲ್ಲ."

"ಓದಿರೋ ಕಣ್ಣು, ಪಾಪ! ಈಗ್ತಾನೆ ಉಟ್ಟಿದ ಕರು ಮೈಯಿಂದ ಹಬೆ ಏಳಾಕಿಲ್ವಾ? ಅಂಗೇ ಕಣೇ. ಇವುಗಳ ಶಾಖಕ್ಕೇ ಸುತ್ತಿನ ಮೋಡ ಹೊಳೀತದೆ. ಇವು ಉಟ್ಟಿ ಇಪ್ಪತ್ ಲಕ್ಷ ವರ್ಷ ಆಗಿರ್ಬೋದು, ಇನ್ನೂ ಗಿಣ್ಣಿನ ವಾಸ್ನೆ ಓಗಿಲ್ಲ!"

ಆಕಾಶ ನೋಡುತ್ತಲೇ ಎರಡು ಹೆಜ್ಜೆ ಹಿಂದಕ್ಕಿಟ್ಟ. ಸರ್ರನೆ ಮರಳು ಜಾರಿತು. ಮಳೆ ಕೊರೆದ ಕೊರಕಲಿನಲ್ಲಿ ಅವನು ಎದೆಯವರೆಗೆ ಹೂತುಹೋಗಿದ್ದ. ನಾನು ಮೊಬೈಲು ಬೆಳಗಿದೆ.

"ಲೇ, ಆರ್ಸೇ ಬೆಳಕು! ಕತ್ಲೆಗೆ ಕಣ್ಣು ಒಗ್ಗಾಕೆ ಮತ್ತೆ ಅರ್ಧ ಗಂಟೆ ಬೇಕು!"

ಅರ್ಧ ಗಂಟೆ! ಅವನು ಒಮ್ಮೆ ಕದಲಿದರೆ ಮರಳು ಒಂದು ಗೇಣು ಏರುತ್ತಿತ್ತು. ನನ್ನ ಕೂಗಿಗೆ ಕೆಳಗೆ ಕಾಯುತ್ತಿದ್ದ ತಮಿಳು ಆಟೋದವನು ಓಡಿಬಂದ. "ಐಯೋ ಕಡವುಳೇ! ಅಲ್ಲಾಡ್ಬೇಡಿ ಪೆರಿಯವರೇ!" ಚಿಕ್ಕಪ್ಪ ಹಗ್ಗವನ್ನು ಕಂಕುಳಿಗೆ ಬಿಗಿದು ತುದಿಯನ್ನು ಮೇಲೆಸೆದ. ನಾವಿಬ್ಬರೂ ಜಗ್ಗಿದೆವು. ಮರಳು ಇನ್ನಷ್ಟು ಸುರಿಯಿತು.

"ನಿಲ್ಸ್ರೋ! ಕರು ಎಳ್ಯಾದು ಇಂಗಾ? ಅಸು ತಿಣುಕಿದಾಗ ಎಳೀಬೇಕು, ಸುಮ್ಕಿದ್ದಾಗ ಬರೀ ಬಿಗಿ ಇಡೀಬೇಕು. ನಾನು ತಿಣುಕ್ತೀನಿ, ಆಗ ಎಳೀರಿ!"

"ಇದ್ರಲ್ಲಿ ಅಸು ಯಾರು ಸಾರ್, ಕರು ಯಾರು?"

"ಎರಡೂ ನಾನೇ ಕಣಯ್ಯಾ, ಎಳಿ!"

ತಿಣುಕಿದ, ಎಳೆದೆವು. ನಿಂತ, ಬಿಗಿ ಹಿಡಿದೆವು. ಎಷ್ಟು ಹೊತ್ತೋ ತಿಳಿಯದು. ಬೂದು ಮೈಯ ಚಿಕ್ಕಪ್ಪ ಕೊನೆಗೂ ಹೊರಬಿದ್ದ. ಮನೆಗೆ ಬಂದು ನಡೆದದ್ದೆಲ್ಲ ಹೇಳಿದಾಗ ಚಿಕ್ಕಮ್ಮ ಕೇಳಿದ್ದು ಒಂದೇ ಮಾತು: "ಆಯ್ತಾ ಬಾಣಂತನ?"

ಆ ರಾತ್ರಿ ಅವನು ಗೊರಕೆ ಹೊಡೆದ. ನನಗೆ ಮಾತ್ರ ಕಣ್ಣು ಮುಚ್ಚಿದರೆ ಮರಳಿನ ಸರ್ರೆಂಬ ಸದ್ದು. ಎದ್ದೆದ್ದು ಹೋಗಿ ಅವನ ಉಸಿರು ನೋಡಿ ಬರುತ್ತಿದ್ದೆ. ಮೂರನೆಯ ರಾತ್ರಿ ಸಿಕ್ಕಿಬಿದ್ದೆ. ಅವನು ಅದೇ ಹಗ್ಗದ ಒಂದು ತುದಿಯನ್ನು ನನ್ನ ಕೈಗಿತ್ತು, ಇನ್ನೊಂದನ್ನು ಹಿಡಿದು ಪಡಸಾಲೆಗೆ ಹೋದ.

"ಎಚ್ರ ಆದ್ರೆ ಎಳಿ. ನಾನಿದ್ರೆ ತಿರುಗಿ ಎಳೀತೀನಿ."

ಒಂದು ವಾರ ಕತ್ತಲಲ್ಲಿ ಹೀಗೇ ಮಾತಾಡಿದೆವು. ಮೊನ್ನೆ ಭಾನುವಾರ ನಾನು ಒಮ್ಮೆಯೂ ಎಳೆಯಲಿಲ್ಲ. ಕಣ್ಣು ಬಿಟ್ಟಾಗ ಬೆಳಗಾಗಿತ್ತು. ಪಡಸಾಲೆಯಲ್ಲಿ ಚಿಕ್ಕಪ್ಪ ಗೋಡೆಗೊರಗಿ ಕೂತಿದ್ದ, ಕಣ್ಣು ಕೆಂಪಾಗಿದ್ದವು, ಹಗ್ಗ ಮುಷ್ಟಿಯಲ್ಲೇ ಇತ್ತು.

ಚಿಕ್ಕಮ್ಮ ಮೆಲ್ಲಗೆ ಹೇಳಿದಳು: "ರಾತ್ರಿ ಒಂದ್ ಮೋಡ ಇರ್ಲಿಲ್ಲ ಕಣೇ, ಕರೆಂಟೂ ಓಗಿತ್ತು. ಅಂಗಳಕ್ಕೇ ಇಳೀಲಿಲ್ಲ ನಿಮ್ ಚಿಕ್ಕಪ್ಪ."