ಕೆಸರಿಗಿಳಿದ ಲಾಕರ್

ಒಂದು ವಯಸ್ಸು ದಾಟಿದ ಮೇಲೆ ಮನುಷ್ಯರಿಗೆ ಯಾವುದಾದರೊಂದು ಹುಚ್ಚು ಹಿಡಿಯುವುದು ಸಹಜ. ನನ್ನ ಅಕ್ಕ ತಾರಸಿಯ ಮೇಲೆ ಕಾಲಿಡಲು ಜಾಗವಿಲ್ಲದಂತೆ ದಾಸವಾಳ ಬೆಳೆಸುತ್ತಾಳೆ. ನನ್ನ ಸಹೋದ್ಯೋಗಿಯೊಬ್ಬರು ಬೆಳಿಗ್ಗೆ ಪಾರ್ಕಿನಲ್ಲಿ ಹತ್ತು ಜನರೊಂದಿಗೆ ನಿಂತು ಕಾರಣವಿಲ್ಲದೆ ನಗುತ್ತಾರೆ. ನಾನು, ಐವತ್ತಕ್ಕೆ ಒಂದೇ ವರ್ಷ ಬಾಕಿ ಇರುವಾಗ, ಕೆಸರಿನಲ್ಲಿ ಓಡುವ ದೊಡ್ಡ ಗಾಡಿಯೊಂದನ್ನು ಕೊಂಡೆ. ಕೊಂಡದ್ದರಲ್ಲಿ ತಪ್ಪೇನೂ ಇಲ್ಲ. ಕೊಂಡ ಮೇಲೆ ಬಾಯಿ ಮುಚ್ಚಿಕೊಂಡು ಇರಲಿಲ್ಲ, ಅದೇ ತಪ್ಪಾಯಿತು.

ನಾನು ದನದ ಡಾಕ್ಟರು. ಮನೆ ಹೊಳೆನರಸೀಪುರದಲ್ಲಿ, ನನ್ನನ್ನು ಕಾಯುವ ರೋಗಿಗಳು ಮಾತ್ರ ಗದ್ದೆ, ಹೊಲ, ಕೊಟ್ಟಿಗೆಗಳಲ್ಲಿ. ಮೊದಲು ಸ್ಕೂಟರಿನಲ್ಲಿ ಹೋಗಿ ಬೀಳುತ್ತಿದ್ದೆ. ಆಮೇಲೆ ಸಣ್ಣ ಕಾರಿನಲ್ಲಿ ಹೋಗಿ ಹೂತುಕೊಳ್ಳುತ್ತಿದ್ದೆ. ಹರದನಹಳ್ಳಿ ಕಡೆ ಒಂದು ಗುಂಡಿಗೆ ಜನ ‘ಡಾಕ್ಟ್ರಮ್ಮನ ಗುಂಡಿ’ ಎಂದು ಹೆಸರನ್ನೇ ಇಟ್ಟುಬಿಟ್ಟಿದ್ದರು. ಹಳ್ಳಿಗಳಲ್ಲಿ ದೊಡ್ಡ ಮನುಷ್ಯರ ಹೆಸರಿನಲ್ಲಿ ಕಟ್ಟೆ ಇರುತ್ತದೆ, ಬಾವಿ ಇರುತ್ತದೆ. ನನ್ನ ಪಾಲಿಗೆ ಬಂದದ್ದು ಗುಂಡಿ. ಇದನ್ನು ಕೇಳಿದ ದಿನವೇ ನಿರ್ಧಾರ ಮಾಡಿದೆ. ಹಾಸನದ ಶೋರೂಮಿನಲ್ಲಿ ಗಾಡಿ ತೋರಿಸಿದ ಯುವಕ ಒಂದು ಬಟನ್ನಿನ ಮೇಲೆ ಬೆರಳಿಟ್ಟು, “ಇದು ಆಕ್ಸಲ್ ಲಾಕರ್ ಮೇಡಂ. ಕೆಸರಲ್ಲಿ ಒಂದು ಚಕ್ರ ಸುಮ್ಮನೆ ಗಿರಗಿರ ತಿರುಗ್ತಿರುತ್ತೆ, ಇನ್ನೊಂದು ಅಲ್ಲಾಡೋದೇ ಇಲ್ಲ. ಇದನ್ನ ಒತ್ತಿದ್ರೆ ಎರಡಕ್ಕೂ ಬೀಗ ಹಾಕ್ದಂಗೆ. ಎರಡೂ ಒಟ್ಟಿಗೇ ತಿರುಗ್ತವೆ, ಗಾಡಿ ಎದ್ದು ಬರುತ್ತೆ,” ಎಂದ. ಅವನು ಅದಾದ ಮೇಲೆ ಇನ್ನೂ ಏನೇನೋ ಹೇಳಿದ. ನಾನು ಕೇಳಿಸಿಕೊಳ್ಳಲಿಲ್ಲ. ನನ್ನ ಮನಸ್ಸಾಗಲೇ ಆ ಗುಂಡಿಯಿಂದ ಎದ್ದು ಬರುತ್ತಿತ್ತು.

ಅಲ್ಲಿಂದ ನನ್ನ ಬಾಯಲ್ಲಿ ಲಾಕರ್ ಬಿಟ್ಟರೆ ಬೇರೆ ಮಾತಿಲ್ಲ. ಆಸ್ಪತ್ರೆಗೆ ಆಡು ತಂದವರಿಗೂ ಲಾಕರ್ ವಿವರಿಸಿದೆ. ನಮ್ಮ ಅತ್ತೆ ಮಾತ್ರ, “ಒಡವೆಯನ್ನೆಲ್ಲ ಗಾಡೀಲಿ ಇಟ್ಕೊಂಡು ಹೊಲ ಸುತ್ತೋದು ಯಾಕಮ್ಮ? ಬ್ಯಾಂಕಲ್ಲೇ ಇರಲಿ,” ಎಂದರು. ನಮ್ಮ ಯಜಮಾನರು ನಾಗರಾಜು, ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಗಾಡಿಯ ಜೊತೆ ಕೊಟ್ಟ ದಪ್ಪ ಪುಸ್ತಕವನ್ನು ಅವರು ಸ್ನಾನ ಮಾಡಿ, ಕನ್ನಡಕ ಒರೆಸಿಕೊಂಡು, ಮೊದಲ ಪುಟದಿಂದ ಓದತೊಡಗಿದರು. “ನೀನೂ ಒಂದು ಸಲ ಓದು ಕಣೇ,” ಎಂದರು. “ಇಪ್ಪತ್ತು ವರ್ಷದಿಂದ ಗಾಡಿ ಓಡಿಸ್ತಿದ್ದೀನಿ ರೀ,” ಎಂದೆ. ಗಾಡಿ ಓಡಿಸಲು ಬಾರದವರು ಮಾತ್ರ ಅಂಥ ಪುಸ್ತಕ ಓದುತ್ತಾರೆ ಎಂಬುದು ಆಗ ನನ್ನ ಅಭಿಪ್ರಾಯ. ನಮ್ಮ ಯಜಮಾನರಿಗೆ ನಿಜಕ್ಕೂ ಗಾಡಿ ಓಡಿಸಲು ಬರುವುದಿಲ್ಲ.

ಗಾಡಿ ಬಂದ ಎರಡನೇ ವಾರ, ಮಳೆ ಸುರಿದು ಬಿಟ್ಟ ಬೆಳಿಗ್ಗೆ, ಅರಕಲಗೂಡಿನಾಚೆ ಮಲ್ಲಿಪಟ್ಟಣದ ಹತ್ತಿರದ ಕೆಂಪಮ್ಮ ಫೋನ್ ಮಾಡಿದಳು. ಆಕೆಯ ಮನೆಯ ಹಸುಗಳನ್ನು ನಾನು ವರ್ಷಗಳಿಂದ ನೋಡುತ್ತಿದ್ದೇನೆ. “ಡಾಕ್ಟ್ರವ್ವ, ಗೌರಿ ಕರ ಆಕಾಕೆ ಒದ್ದಾಡ್ತಾವ್ಳೆ. ಕಾಲೆಲ್ಡೂ ಈಚೆ ಬಂದವೆ, ತಲೇನೇ ಕಾಣ್ತಿಲ್ಲ ಕಣವ್ವ. ಬಿರ್ನೆ ಬನ್ನಿ,” ಎಂದಳು. ಕರುವಿನ ತಲೆ ಹಿಂದಕ್ಕೆ ಮಡಚಿಕೊಂಡಿದೆ ಎಂದು ಗೊತ್ತಾಯಿತು. ತಡವಾದರೆ ಕರುವೂ ಇಲ್ಲ, ಹಸುವೂ ಇಲ್ಲ. ಚೀಲವನ್ನು ಗಾಡಿಗೆ ಎಸೆದುಕೊಂಡು ಹೊರಟೆ. ಅರಕಲಗೂಡು ದಾಟಿ, ಮಲ್ಲಿಪಟ್ಟಣ ದಾಟಿ, ಸ್ಕೂಟರಿನ ಕಾಲದಿಂದಲೂ ನನಗೆ ಪರಿಚಯವಿದ್ದ ನಾಲೆಯ ಪಕ್ಕದ ದಾರಿಗೆ ತಿರುಗಿಸಿದೆ. ದಾರಿ ಎಲ್ಲಿದೆ? ಶುಂಠಿ ಹೊಲದಿಂದ ಇಳಿದ ನೀರಿನಲ್ಲಿ ಅದು ಗಂಜಿಯಾಗಿತ್ತು. ಆ ಆತುರದಲ್ಲೂ ನನಗೆ ಒಳಗೊಳಗೇ ಖುಷಿ. ಈ ಕ್ಷಣಕ್ಕಾಗಿಯೇ ಅಲ್ಲವೇ ಕೊಂಡದ್ದು! ಗಂಜಿಯೊಳಗೆ ಇಳಿದೆ. ಗಾಡಿ ಮಾರುದ್ದ ಹೋಗಿ ನಿಂತಿತು. ತೋರುಬೆರಳನ್ನು ಮೇಲೆತ್ತಿ, ಶಾಸ್ತ್ರೋಕ್ತವಾಗಿ ಬಟನ್ ಒತ್ತಿದೆ.

ಒಂದು ಸಣ್ಣ ದೀಪ ಮಿಣುಕಿತು. ಮಿಣುಕುತ್ತಲೇ ಇತ್ತು. ಹಿಂದಿನ ಒಂದು ಚಕ್ರ ಗಿರಗಿರ ತಿರುಗಿ, ಹಿಂದಿನ ಗಾಜಿಗೆಲ್ಲ ಕೆಸರು ಬಳಿದು, ತನ್ನ ಗುಂಡಿಯನ್ನು ತಾನೇ ತೋಡಿಕೊಂಡು ಕುಳಿತಿತು. ಇನ್ನೊಂದು ಚಕ್ರ ಇದೆಲ್ಲ ತನಗೆ ಸಂಬಂಧವೇ ಇಲ್ಲವೆಂಬಂತೆ ಇತ್ತು. ಮತ್ತೆ ಒತ್ತಿದೆ. ಬೇಡಿಕೊಂಡೆ. ಬೈದೆ. ದೀಪ ಮಿಣುಕಿತು. ದೂರದಿಂದ ಕೆಂಪಮ್ಮ ಸೀರೆ ಎತ್ತಿ ಕಟ್ಟಿಕೊಂಡು ಓಡಿ ಬರುತ್ತಿದ್ದಳು. “ಯಾಕ್ರವ್ವಾ ಅಲ್ಲೇ ನಿಂತ್ಬುಟ್ರಿ?”

“ಲಾಕರ್ ಕೆಲಸ ಮಾಡ್ತಿಲ್ಲ ಕೆಂಪಮ್ಮ.”

“ಅದ್ಯಾರೋ ಬರಾಗಂಟ ಗೌರಿ ತಡೆಯಾಕಿಲ್ಲ. ಇಳೀರಿ, ನಡೀರಿ!”

ಚಪ್ಪಲಿಯನ್ನು ಗಾಡಿಯಲ್ಲೇ ಬಿಟ್ಟು, ಚೀಲವನ್ನು ತಲೆಯ ಮೇಲಿಟ್ಟುಕೊಂಡು, ಮೊಣಕಾಲುದ್ದದ ಕೆಸರಿನಲ್ಲಿ ಕೆಂಪಮ್ಮನ ಕೈ ಹಿಡಿದು ನಡೆದೆ. ಕೊಟ್ಟಿಗೆಯಲ್ಲಿ ಗೌರಿ ಮಲಗಿದ್ದಳು, ಕಣ್ಣು ಮೇಲೆ ಮಾಡಿಕೊಂಡು. ಕೈ ತೊಳೆದು, ಭುಜದವರೆಗೆ ಒಳಗೆ ಹಾಕಿ ಹುಡುಕಿದೆ. ಸಿಕ್ಕಿತು ಕರುವಿನ ಕಿವಿ, ಆಮೇಲೆ ಕಣ್ಣಿನ ಗುಳಿ, ಆಮೇಲೆ ದವಡೆ. ಗೌರಿ ತಿಣುಕಿದಾಗಲೆಲ್ಲ ನನ್ನ ತೋಳು ಮುರಿದೇಹೋಯಿತು ಎನ್ನಿಸುತ್ತಿತ್ತು. ಕರುವನ್ನು ಹಿಂದಕ್ಕೆ ತಳ್ಳಿ, ಬೆರಳ ತುದಿಯಲ್ಲಿ ದವಡೆ ಹಿಡಿದು, ಆಕೆ ಉಸಿರು ಬಿಟ್ಟ ಸಮಯ ನೋಡಿ ತಲೆಯನ್ನು ಈ ಕಡೆಗೆ ತಿರುಗಿಸಿದೆ. ಆಮೇಲಿನದು ಸಲೀಸು. ಕೆಂಪಮ್ಮನೂ ನಾನೂ ಹಗ್ಗ ಹಿಡಿದು ಎಳೆದೆವು. ಕರು ಜಾರಿ ನನ್ನ ಮಡಿಲಿಗೇ ಬಂದು ಬಿತ್ತು. ಒಂದು ಕ್ಷಣ ಅಲ್ಲಾಡಲಿಲ್ಲ. ಮೂಗಿನ ಲೋಳೆ ತೆಗೆದು, ಹುಲ್ಲಿನ ಕಡ್ಡಿಯಿಂದ ಮೂಗಿಗೆ ಕಚಗುಳಿ ಇಟ್ಟೆ. ನನ್ನ ಮುಖದ ಮೇಲೆಯೇ ಸೀನಿತು. ಅಂಥ ಸಂತೋಷದ ಸೀನನ್ನು ನಾನು ಕಂಡಿಲ್ಲ. ಕೆಂಪಮ್ಮ ಅತ್ತಳು, ನಕ್ಕಳು, ನನಗೆ ಬೆಲ್ಲದ ಕಾಫಿ ಕೊಟ್ಟಳು. ಅಷ್ಟರಲ್ಲಿ ಊರವರು ಟ್ರ್ಯಾಕ್ಟರಿನಿಂದ ನನ್ನ ಗಾಡಿಯನ್ನು ಹಿಂದಕ್ಕೆ ಎಳೆದು ದಾರಿಗೆ ತಂದಿದ್ದರು. ಕೆಂಪಮ್ಮ ಅದನ್ನು ನೋಡಿ, “ನಿಮ್ ಗಾಡೀನೂ ತಲೆ ಒಳೀಕ್ ಮಡಿಕ್ಕಂಡೈತೇನೋ. ಕೈ ಆಕಿ ನೋಡಿ,” ಎಂದಳು.

ಮಾರನೆಯ ದಿನವೇ ಹಾಸನದ ಸರ್ವೀಸ್ ಸೆಂಟರಿಗೆ ಹೋದೆ, ಯುದ್ಧಕ್ಕೆ ಹೋಗುವಂತೆ. ಅಲ್ಲಿ ದರ್ಶನ್ ಎಂಬ ಸಮಾಧಾನದ ಮನುಷ್ಯ ಗಾಡಿಗೆ ಲ್ಯಾಪ್‌ಟಾಪಿನ ವೈರು ಚುಚ್ಚಿ, ಬಹಳ ಹೊತ್ತು ನೋಡಿ, “ಏನೂ ತೊಂದರೆ ಇಲ್ಲ ಮೇಡಂ, ಎಲ್ಲ ಸರಿಯಾಗೇ ಇದೆ,” ಎಂದರು. ನನ್ನ ರೋಗಿಗಳೂ ಬಾಯಿ ಬಿಟ್ಟು ಹೇಳುವುದಿಲ್ಲ. ಆದರೆ ಬಾಲ ಎತ್ತಿ, ಕಿವಿ ಇಳಿಬಿಟ್ಟು ಏನಾದರೊಂದು ಸೂಚನೆ ಕೊಡುತ್ತವೆ. ಈ ಗಾಡಿ ಕೆಸರಿನಲ್ಲಿ ಕೈಕೊಟ್ಟು, ಡಾಕ್ಟರ ಮುಂದೆ ಬಂದಾಗ ನಗುತ್ತಾ ನಿಂತಿತ್ತು. ದರ್ಶನ್ ಮೆಲ್ಲಗೆ, “ಮೇಡಂ, ಫೋರ್-ಎಲ್‌ಗೆ ಹಾಕಿದ್ರಿ ತಾನೆ?” ಎಂದರು. “ನೋಡಿ, ಗಾಡಿ ಓಡಿಸೋದು ನನಗೆ ಹೊಸದಲ್ಲ,” ಎಂದೆ. ಇದು ಅವರ ಪ್ರಶ್ನೆಗೆ ಉತ್ತರವಲ್ಲ ಎಂಬುದು ಅವರಿಗೆ ಹೊಳೆದಿರಬೇಕು, ನನಗೆ ಹೊಳೆಯಲಿಲ್ಲ. ಮೂರು ಸಲ ಹೋದೆ. ಮೂರನೆಯ ಸಲ ಅವರು, “ಸರಿ, ನಿಮ್ಮ ಸಮಾಧಾನಕ್ಕೆ ಒಂದು ಸೆನ್ಸರ್ ಬದಲಾಯಿಸ್ತೀವಿ,” ಎಂದು ಬದಲಾಯಿಸಿಕೊಟ್ಟರು.

ಆ ಭಾನುವಾರ ಯಜಮಾನರು, “ಪರೀಕ್ಷೆ ಮಾಡದೆ ಒಪ್ಪಿಕೊಳ್ಳಬಾರದು,” ಎಂದು ಪುಸ್ತಕ ಹಿಡಿದು ನನ್ನ ಪಕ್ಕದಲ್ಲಿ ಕುಳಿತರು. ಹೊಳೆಯ ದಂಡೆಯ ಮರಳಿಗೆ ಹೋದೆವು. ನಾನು ಬೆರಳು ಎತ್ತಿದೆ. “ತಾಳು,” ಎಂದರು. ತರಗತಿಯ ದನಿ. “ಮೊದಲು ಗಾಡಿ ನಿಲ್ಲಿಸಬೇಕು. ಆಮೇಲೆ ಈ ಗುಂಡನೆಯ ತಿರುಪನ್ನು ಫೋರ್-ಎಲ್‌ಗೆ, ಅಂದರೆ ನಾಲ್ಕೂ ಚಕ್ರಕ್ಕೆ ಬಲ ಕೊಡುವ ನಿಧಾನದ ಗೇರಿಗೆ, ತಿರುಗಿಸಬೇಕು. ಅದಾದ ಮೇಲೆ ಲಾಕರ್. ಹಾಗೆ ಮಾಡದಿದ್ದರೆ ದೀಪ ಬರೀ ಮಿಣುಕುತ್ತದೆ.”

ಎತ್ತಿದ ಬೆರಳನ್ನು ಮೆಲ್ಲಗೆ ಇಳಿಸಿದೆ.

“ಆವತ್ತು ನೀನು ಇದನ್ನು ತಿರುಗಿಸಿದ್ದೆ ತಾನೆ?” ಎಂದರು.

“ತಿರುಗಿಸದೆ ಇರ್ತೀನಾ!” ಎಂದೆ, ಹೊಳೆಯ ಕಡೆ ನೋಡುತ್ತಾ. ತಿರುಪನ್ನು ನಾನು ಮೊದಲ ಬಾರಿಗೆ ಮುಟ್ಟಿದ್ದು ಆಗಲೇ. ತಿರುಗಿಸಿ ಬಟನ್ ಒತ್ತಿದೆ. ದೀಪ ಮಿಣುಕುವುದನ್ನು ಬಿಟ್ಟು ನೆಟ್ಟಗೆ ಉರಿಯಿತು. ಗಾಡಿ ಮರಳಿನಲ್ಲಿ ಎಮ್ಮೆ ನೀರಿನಲ್ಲಿ ಹೋಗುವಂತೆ ಗಂಭೀರವಾಗಿ ಹೋಯಿತು. ಖುಷಿ, ನಾಚಿಕೆ ಎರಡೂ ಒಟ್ಟಿಗೇ ಬಂದವು. ವಾಪಸು ಹೊರಡಲು ಬಟನ್ ಮತ್ತೆ ಒತ್ತಿದೆ, ತಿರುಪನ್ನು ಮಾಮೂಲಿಗೆ ತಂದೆ. ದೀಪ ಆರಲಿಲ್ಲ. ಲಾಕರ್ ಬಿಡಲೊಲ್ಲದು! ಓದುಗರ ಮುಂದೆ ಮುಚ್ಚಿಡುವುದೇನು, ಆ ಕ್ಷಣ ನನಗೆ ಪರಮಾನಂದವಾಯಿತು. ಗಾಡಿ ನಿಜಕ್ಕೂ ಕೆಟ್ಟಿದೆ! ನಾನು ಹೇಳಿದ್ದು ಸುಳ್ಳಲ್ಲ! “ನೋಡಿದ್ರಾ? ನಾನು ಬಡಕೊಂಡೆ, ಯಾರೂ ನಂಬಲಿಲ್ಲ,” ಎಂದು ಗೆಲುವಿನಿಂದ ಊರ ಕಡೆ ಓಡಿಸಿದೆ.

ಎರಡು ಚಕ್ರಗಳೂ ಒಟ್ಟಿಗೇ ತಿರುಗುವ ಗಾಡಿಗೆ ನೇರ ಹೋಗುವುದು ಪ್ರಿಯ, ತಿರುವೆಂದರೆ ಆಗದು ಎಂಬುದು ಬಸ್‌ಸ್ಟ್ಯಾಂಡಿನ ಹತ್ತಿರ ತಿಳಿಯಿತು. ನಮ್ಮ ಮನೆ ಬಲಕ್ಕೆ. ಸ್ಟೀರಿಂಗ್ ಬಲಕ್ಕೆ ತಿರುಗಿಸಿದೆ. ಟೈರುಗಳು ಕೀರಲು ದನಿಯಲ್ಲಿ ಚೀರಿದವು, ಗಾಡಿ ಅರೆಮನಸ್ಸಿನಿಂದ ಸ್ವಲ್ಪವೇ ವಾಲಿ, ಎದುರಿನ ತೆಂಗಿನಕಾಯಿ ಮಂಡಿಯ ಅಂಗಳಕ್ಕೆ ನೇರವಾಗಿ ನುಗ್ಗಿ ಕಾಯಿಯ ರಾಶಿಯ ಮುಂದೆ ನಿಂತಿತು. ಹಿಂದೆ ಒಂದು ಬಸ್ಸು ಹಾರನ್ನು ಬಿಡದೆ ಒತ್ತುತ್ತಿತ್ತು. ಮಂಡಿಯ ಷಡಕ್ಷರಪ್ಪನವರು ವಿಭೂತಿಯ ಹಣೆ ಎತ್ತಿ, “ಬನ್ನಿ ಡಾಕ್ಟ್ರಮ್ಮ, ಕಾಯಿ ಬೇಕಾಗಿತ್ತಾ?” ಎಂದರು.

“ಹೌದು,” ಎಂದೆ. ಬೇರೇನು ಹೇಳಲಿ?

“ಕಾಯಿಗೆ ಇಷ್ಟೊಂದ್ ಅವಸ್ರ ಮಾಡ್ದೋರ್ನ ನಾ ಕಾಣೆ,” ಎಂದು ಅವರು ಆಳುಗಳ ಕಡೆ ತಿರುಗಿ, “ಲೇ, ಡಾಕ್ಟ್ರಮ್ಮಂಗೆ ಒಳ್ಳೇವು ಆರಿಸ್ರಲಾ,” ಎಂದರು.

ಯಜಮಾನರು ಮಾತ್ರ ತಲೆ ಎತ್ತಲಿಲ್ಲ. ಪುಟ ಮಗುಚುತ್ತಲೇ ಇದ್ದರು. ಕೊನೆಗೆ, “ಸಿಕ್ತು!” ಎಂದರು. “ಕೆಲವೊಮ್ಮೆ ಚಕ್ರಗಳ ಬಿಗಿತದಿಂದ ಲಾಕರ್ ಬಿಟ್ಟುಕೊಳ್ಳುವುದಿಲ್ಲ. ಇದು ದೋಷವಲ್ಲ. ಸ್ಟೀರಿಂಗ್ ಆಚೀಚೆ ತಿರುಗಿಸುತ್ತಾ ಹಿಂದೆ ಮುಂದೆ ಸ್ವಲ್ಪ ಚಲಿಸಿ.” ಇದು ದೋಷವಲ್ಲ ಎಂಬ ಮಾತನ್ನು ಅವರು ಎರಡು ಸಲ ಓದಿದರೆಂದು ನನ್ನ ಅನುಮಾನ. ಮಂಡಿಯ ಅಂಗಳದಲ್ಲಿ, ಕಾಯಿ ಸುಲಿಯುವುದನ್ನು ಬಿಟ್ಟು ಬಂದ ಜನರ ನಡುವೆ, ನಾನು ಹಿಂದೆ ಬಂದೆ, ಮುಂದೆ ಹೋದೆ. “ಇನ್ನೊಸಿ ಇಂದೆ ಬರ್ಲಿ! ಈಗ್ ಒಡೀರಿ ಎಡಕ್ಕೆ! ಆಂ, ಅಂಗೇ!” ಎಂದು ಎಲ್ಲರೂ ಕೈ ಬೀಸಿದರು. ನಾಲ್ಕನೆಯ ಸಲಕ್ಕೆ ಕೆಳಗಿನಿಂದ ‘ಟಕ್’ ಎಂದಿತು. ದೀಪ ಆರಿತು. ಮಂಡಿಯಲ್ಲಿ ಚಪ್ಪಾಳೆ. ಷಡಕ್ಷರಪ್ಪನವರು ಒಂದು ಕಾಯಿಯನ್ನು ಗಾಡಿಗೆ ನಿವಾಳಿಸಿ ಅಲ್ಲೇ ಒಡೆಸಿದರು. ನಾನೂ ನಕ್ಕೆ, ಎಷ್ಟು ನಕ್ಕೆನೆಂದರೆ ಕಣ್ಣಲ್ಲಿ ನೀರು ಬಂತು. ನಗುವಿನ ನಡುವೆಯೇ ಯಜಮಾನರಿಗೆ, “ಆವತ್ತು ತಿರುಪು ತಿರುಗಿಸಿರಲಿಲ್ಲ ರೀ,” ಎಂದುಬಿಟ್ಟೆ. “ಗೊತ್ತು,” ಎಂದರು ಅವರು, ಪುಟಕ್ಕೆ ಗುರುತಿಟ್ಟು ಮುಚ್ಚುತ್ತಾ.

ದರ್ಶನ್ ಅವರಿಗೂ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. “ಪರವಾಗಿಲ್ಲ ಮೇಡಂ, ನಂಗೆ ಮೊದಲ್ನೇ ದಿನಾನೇ ಅನುಮಾನ ಇತ್ತು,” ಎಂದರು. “ಮತ್ತೆ ಹೇಳಬಾರದಿತ್ತೇ?” ಎಂದೆ. “ನಿಮ್ಮ ಮುಖ ನೋಡಿ ಧೈರ್ಯ ಬರಲಿಲ್ಲ,” ಎಂದರು.

ಮುಂದಿನ ಮಳೆ ಬಿದ್ದ ಮಾರನೆಯ ಬೆಳಿಗ್ಗೆ, ಯಾರೂ ಕರೆಯದಿದ್ದರೂ, ಕರುವನ್ನು ನೋಡುವ ನೆಪದಲ್ಲಿ ಮಲ್ಲಿಪಟ್ಟಣದ ಕಡೆ ಹೊರಟೆ. ಅದೇ ನಾಲೆಯ ದಾರಿ, ಅದೇ ಗಂಜಿ. ನಿಲ್ಲಿಸಿದೆ, ತಿರುಪು ತಿರುಗಿಸಿದೆ, ಬಟನ್ ಒತ್ತಿದೆ. ಗಾಡಿ ಗುರುಗುಟ್ಟುತ್ತಾ, ಎರಡೂ ಕಡೆ ಕೆಸರು ಚಿಮ್ಮಿಸುತ್ತಾ, ಒಂದೇ ಏಟಿಗೆ ಕೆಂಪಮ್ಮನ ಕೊಟ್ಟಿಗೆಯ ಮುಂದೆ ಹೋಗಿ ನಿಂತಿತು. ಕೆಸರಿನ ಮುದ್ದೆಯಂತಿದ್ದ ಗಾಡಿಯಿಂದ ರಾಣಿಯಂತೆ ಇಳಿದೆ. ಕೆಂಪಮ್ಮ ಕೈಯಲ್ಲಿದ್ದ ಪೊರಕೆ ಹಿಡಿದುಕೊಂಡೇ ನೋಡುತ್ತಿದ್ದಳು.

“ಹೇಗೆ ಬಂದೆ ನೋಡಿದ್ಯಾ ಕೆಂಪಮ್ಮ?”

“ಬಂದ್ರಿ ಬುಡಿ. ಆದ್ರೆ ಯಾಕವ್ವ ಯಾವಾಗ್ಲೂ ಈ ದಾರೀಲೇ ಬತ್ತೀರಿ? ಆ ಕಡೆ ಇಸ್ಕೂಲ್ ಪಕ್ಕದಿಂದ ಸಿಮೆಂಟ್ ರಸ್ತೆ ಐತಲ್ಲ. ಆಲಿನ ವ್ಯಾನು ದಿನಾ ಕೊಟ್ಟಿಗೆ ಬಾಗ್ಲಗಂಟ ಬತ್ತೈತೆ.”

“ಯಾವಾಗಿನಿಂದ?”

“ಆಗ್ಲೇ ಮೂರ್ ವರ್ಸ ಆಯ್ತು.”

“ನನಗೆ ಹೇಳಬಾರದಿತ್ತೇನಮ್ಮ?”

“ಏನೋ ಕಣವ್ವ, ನಿಮ್ಗೆ ಕೆಸ್ರು ಅಂದ್ರೆ ಇಷ್ಟ ಅನ್ಕಂಡಿದ್ದೆ. ಅದ್ಕೇ ಅಲ್ವಾ ಇಂಥ ಗಾಡಿ ತಕಂಡಿರಾದು?”

ಕರುವಿನ ಮೈ ಸವರಿ, ಕಾಫಿ ಕುಡಿದು ಹೊರಟೆ. ಸ್ಕೂಲಿನ ಪಕ್ಕದ ಸಿಮೆಂಟ್ ರಸ್ತೆ ಮಳೆಗೆ ತೊಳೆದಂತಾಗಿ ಕನ್ನಡಿಯಂತೆ ಹೊಳೆಯುತ್ತಿತ್ತು. ಹಾಲಿನ ವ್ಯಾನೊಂದು ಅದರ ಮೇಲೆ, ಒಂದು ಹನಿ ಕೆಸರೂ ಮೆತ್ತಿಕೊಳ್ಳದೆ, ಸುಖವಾಗಿ ಹೋಗುತ್ತಿತ್ತು. ಒಮ್ಮೆ ಸುತ್ತ ನೋಡಿದೆ. ಕೆಂಪಮ್ಮ ಒಳಗೆ ಹೋಗಿದ್ದಳು. ತಿರುಪು ತಿರುಗಿಸಿ, ಬಟನ್ ಒತ್ತಿ, ಬಂದ ದಾರಿಯ ಕೆಸರಿಗೇ ಮತ್ತೆ ಇಳಿದೆ.